ಲೆಕ್ಕಕ್ಕೆ ಬಾರದ ಸಾಕ್ಷಿ

ಬೆಂಗಳೂರಿನ ಗೊಟ್ಟಿಗೆರೆ ಕಡೆ ಸೈಟ್ ನೋಡಲು ಹೋದರೆ ಬ್ರೋಕರ್ ಅಳತೆಗಿಂತ ಮೊದಲು ದಿಕ್ಕು ಹೇಳುತ್ತಾನೆ: ‘ಈಸ್ಟ್ ಫೇಸಿಂಗ್ ಸಾರ್, ಕಣ್ಣು ಮುಚ್ಕೊಂಡು ತಗೊಳ್ಳಿ.’ ದಕ್ಷಿಣದ ಬಾಗಿಲಿನ ಮನೆಯಲ್ಲಿ ಕಾಯಿಲೆ ಬಿದ್ದರೆ ವಾಸ್ತುದೋಷ. ಅಂಥದೇ ಮನೆಯಲ್ಲಿ ನೆಮ್ಮದಿಯಾಗಿರುವವರನ್ನಾಗಲಿ, ಪೂರ್ವದ ಬಾಗಿಲಿದ್ದೂ ಆಸ್ಪತ್ರೆ ಅಲೆಯುವವರನ್ನಾಗಲಿ ಯಾರೂ ಎಣಿಸುವುದಿಲ್ಲ. ನಂಬಿದ್ದಕ್ಕೆ ಹೊಂದುವ ಸಾಕ್ಷಿಯನ್ನಷ್ಟೇ ಆಯ್ದುಕೊಳ್ಳುವ ಈ ಗುಣಕ್ಕೆ ಮನಶ್ಶಾಸ್ತ್ರದಲ್ಲಿ ದೃಢೀಕರಣ ಪೂರ್ವಗ್ರಹ ಎಂದು ಹೆಸರು.

ಇದನ್ನು ಇಂಗ್ಲಿಷ್ ತತ್ವಜ್ಞಾನಿ ಫ್ರಾನ್ಸಿಸ್ ಬೇಕನ್ 1620ರಲ್ಲೇ ಗುರುತಿಸಿದ್ದ. ಹರಕೆ ಹೊತ್ತು ಹಡಗು ದುರಂತದಿಂದ ಪಾರಾದವರ ಚಿತ್ರಗಳನ್ನು ದೇಗುಲದಲ್ಲಿ ತೋರಿಸಿದಾಗ, ‘ಹರಕೆ ಹೊತ್ತೂ ಮುಳುಗಿದವರ ಚಿತ್ರಗಳೆಲ್ಲಿ?’ ಎಂದು ಒಬ್ಬ ಕೇಳಿದ ಹಳೆಯ ಕಥೆಯನ್ನು ಅವನು ನೆನೆದಿದ್ದಾನೆ.

ಆ ಪ್ರಶ್ನೆ ಪ್ರಯೋಗದ ರೂಪ ಪಡೆದದ್ದು ಲಂಡನ್ನಿನಲ್ಲಿ. 1960ರಲ್ಲಿ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 2, 4, 6 ಎಂಬ ಸಂಖ್ಯೆಗಳನ್ನು ಕೊಟ್ಟು, ಅವುಗಳ ಹಿಂದಿನ ನಿಯಮ ಕಂಡುಹಿಡಿಯಲು ಹೇಳಿದರು. ‘ಎರಡೆರಡು ಹೆಚ್ಚುತ್ತದೆ’ ಎಂದು ಊಹಿಸಿದವರು 8, 10, 12 ಎಂದರು. ಸರಿ ಎಂಬ ಉತ್ತರ ಬಂತು. 20, 22, 24 ಎಂದರು, ಅದೂ ಸರಿ. ನಿಜವಾದ ನಿಯಮ ಇಷ್ಟೇ: ಸಂಖ್ಯೆಗಳು ಏರುತ್ತಾ ಹೋಗಬೇಕು. 1, 7, 50 ಎಂದು ಕೇಳಿ ತಮ್ಮ ಊಹೆಯನ್ನೇ ಪರೀಕ್ಷೆಗೊಡ್ಡಿದ್ದರೆ ಅದರ ತಪ್ಪು ಬಯಲಾಗುತ್ತಿತ್ತು. ಹೆಚ್ಚಿನವರು ಮೊದಲ ಉತ್ತರದಲ್ಲಿ ಎಡವಿದರು. 1963ರಲ್ಲಿ ಯಾನ್ ಸ್ಮೆಡ್ಸ್‌ಲುಂಡ್ ದಾದಿಯರಿಗೆ ರೋಗ, ಲಕ್ಷಣಗಳ ಚೀಟಿಗಳನ್ನು ಕೊಟ್ಟಾಗಲೂ ಹೀಗೇ ಆಯಿತು. ಎರಡಕ್ಕೂ ನಂಟಿರಲಿಲ್ಲ. ಆದರೆ ಎರಡೂ ಒಟ್ಟಿಗಿದ್ದ ಚೀಟಿಗಳೇ ಕಣ್ಣಿಗೆ ಬಿದ್ದು, ಬಹುಪಾಲು ದಾದಿಯರು ನಂಟು ಕಂಡರು.

ನಮ್ಮ ರಾಜಕೀಯದಲ್ಲೂ ಇಂಥ ಲೆಕ್ಕ ಉಂಟು. ಮುಖ್ಯಮಂತ್ರಿ ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದಂತೆ. 1997ರಲ್ಲಿ ಜೆ.ಎಚ್. ಪಟೇಲರು ಹೊಸ ಜಿಲ್ಲೆಯನ್ನು ಉದ್ಘಾಟಿಸಿದ್ದು ಆ ಊರಿನಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ. ಚಾಮರಾಜನಗರದಿಂದ ದೂರವೇ ಉಳಿದ ಯಡಿಯೂರಪ್ಪ 2011ರಲ್ಲೂ 2021ರಲ್ಲೂ ಅಧಿಕಾರ ಬಿಟ್ಟರು. ಹಲವು ಬಾರಿ ಹೋಗಿಬಂದ ಸಿದ್ದರಾಮಯ್ಯ 2013ರಿಂದ 2018ರವರೆಗೆ ಅವಧಿ ಪೂರೈಸಿದರು. ಕರ್ನಾಟಕದಲ್ಲಿ ಪೂರ್ಣಾವಧಿ ಮುಗಿಸಿದ ಮುಖ್ಯಮಂತ್ರಿಗಳೇ ಬೆರಳೆಣಿಕೆಯಷ್ಟು. ಹೋದರೂ ಹೋಗದಿದ್ದರೂ ಕುರ್ಚಿ ಅಲುಗುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಂತೆ. ಸಿದ್ದರಾಮಯ್ಯನವರ ಐದು ವರ್ಷದ ನಂತರದ ಸೋಲನ್ನೂ ಆ ಊರಿನ ಖಾತೆಗೇ ಬರೆದರೆ ಈ ನಂಬಿಕೆ ಎಂದಿಗೂ ಸುಳ್ಳಾಗದು.

ಮನಶ್ಶಾಸ್ತ್ರದಲ್ಲಿ ಮುಂದೆ ಗಮನ ಎಣಿಕೆಯಿಂದ ಮನಸ್ಸಿನ ಒಲವಿನ ಕಡೆ ತಿರುಗಿತು. 1979ರಲ್ಲಿ ಸ್ಟ್ಯಾನ್‌ಫರ್ಡ್‌ನ ಲಾರ್ಡ್, ರಾಸ್, ಲೆಪ್ಪರ್ ಅವರು ಮರಣದಂಡನೆಯ ಪರ, ವಿರೋಧ ಇದ್ದ 48 ವಿದ್ಯಾರ್ಥಿಗಳಿಗೆ ಪರವಾದ ಒಂದು, ವಿರುದ್ಧವಾದ ಒಂದು ಅಧ್ಯಯನ ಓದಿಸಿದರು. ಎರಡೂ ಕಡೆಯವರು ಎದುರಿನ ಅಧ್ಯಯನದಲ್ಲಷ್ಟೇ ಹುಳುಕು ಹುಡುಕಿ, ತಮ್ಮ ನಿಲುವು ಇನ್ನಷ್ಟು ಗಟ್ಟಿಯಾಯಿತೆಂದರು. ಬೇಕಾದ ತೀರ್ಮಾನದತ್ತ ತರ್ಕವೇ ವಾಲುವ ಬಗೆಯನ್ನು 1990ರಲ್ಲಿ ಝೀವಾ ಕುಂದಾ ವಿವರಿಸಿದರು.

ಭಿನ್ನಮತವೂ ಬಂತು. ಊಹೆಗೆ ಹೊಂದುವ ಉದಾಹರಣೆ ಹುಡುಕುವುದು ದಿನನಿತ್ಯದಲ್ಲಿ ಅನೇಕ ಸಲ ಫಲ ಕೊಡುವ ಕ್ರಮವೇ ಎಂದು 1987ರಲ್ಲಿ ಕ್ಲೇಮನ್ ಮತ್ತು ಹಾ ವಾದಿಸಿದರು. 2011ರಲ್ಲಿ ಮರ್ಸಿಯೆ ಮತ್ತು ಸ್ಪರ್ಬರ್ ಇನ್ನೂ ಮುಂದೆ ಹೋದರು: ತರ್ಕ ಬೆಳೆದಿರುವುದೇ ವಾದಿಸಲು, ಒಬ್ಬನೇ ಕುಳಿತಾಗ ಅದು ತನ್ನ ಕಡೆಗೇ ವಾಲುತ್ತದೆ, ಎದುರಾಳಿ ಇದ್ದಾಗ ಹದಕ್ಕೆ ಬರುತ್ತದೆ.

ಆ ಎದುರಾಳಿಯ ಕೆಲಸವನ್ನು ನಮ್ಮಲ್ಲೂ ಮಾಡಿದವರಿದ್ದಾರೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿ, ಸತ್ಯಸಾಯಿ ಬಾಬಾ ಅವರನ್ನೂ ಪರೀಕ್ಷೆಗೆ ಆಹ್ವಾನಿಸಿದರು, ಒಪ್ಪಿಗೆ ಸಿಗಲಿಲ್ಲ. ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದಲ್ಲಿ ಪ್ರತಿಭಾವಂತ ಮತ್ತು ಬುದ್ಧಿಮಾಂದ್ಯ ಮಕ್ಕಳ 200 ಜಾತಕಗಳನ್ನು ಸಂಗ್ರಹಿಸಿದರು. ಯಾವುದು ಯಾರದೆಂದು ತಿಳಿಸದೆ, ಒಬ್ಬೊಬ್ಬ ಜ್ಯೋತಿಷಿಗೆ 40ರಂತೆ ಕಳಿಸಿದರು. ಉತ್ತರಿಸಿದ 27 ಜ್ಯೋತಿಷಿಗಳ ಸರಿಯುತ್ತರಗಳ ಸರಾಸರಿ 46 ಪ್ರತಿಶತ. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. 2009ರಲ್ಲಿ ಇದನ್ನು ಪ್ರಕಟಿಸಿದ್ದು ಬೆಂಗಳೂರಿನ ‘ಕರೆಂಟ್ ಸೈನ್ಸ್’. ಯಾವುದು ಗೆಲುವು, ಯಾವುದು ಸೋಲು ಎಂಬುದು ಉತ್ತರ ಬರುವ ಮೊದಲೇ ಕಾಗದದ ಮೇಲಿತ್ತು. ಆಮೇಲೆ ಅರ್ಥ ತಿರುಗಿಸಲು ಯಾರಿಗೂ ಎಡೆಯಿರಲಿಲ್ಲ.