ಮಂಜರಾಬಾದಿನ ಕಾಫಿ ತೋಟಗಳೂ ಕೂಲಿಯ ಕರಾರೂ

ಹಾಸನ ಜಿಲ್ಲೆಯ ಭೂಸ್ಥಿತಿಯು ಎರಡು ಬಗೆಯಾದುದು. ಹೊಳೆನರಸೀಪುರ, ಚನ್ನರಾಯಪಟ್ಟಣಗಳು ರಾಗಿ ಬೆಳೆಯುವ ಬಯಲು. ಇಂದು ಸಕಲೇಶಪುರವೆಂದು ಹೆಸರಾದ ಮಂಜರಾಬಾದು ಕಾಫಿಯ ಮಲೆನಾಡು. ಅರಕಲಗೂಡು ಇವುಗಳ ನಡುವಿನ ಮೆಟ್ಟಿಲು. 19ನೆಯ ಶತಮಾನದ ನಡುಗಾಲದಲ್ಲಿ ರಾಬರ್ಟ್ ಎಲಿಯಟ್ ಮೊದಲಾದ ಆಂಗ್ಲೇಯರು ಮಂಜರಾಬಾದಿನಲ್ಲಿ ತೋಟಗಳನ್ನು ಹಾಕಿದರು. ಹಣ್ಣು ಬಿಡಿಸುವ ಕಾಲಕ್ಕೆ ಮೈಸೂರಿನ ಬಯಲುಸೀಮೆಯಿಂದಲೂ ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದಲೂ ಆಳುಗಳು ಬೇಕಾದರು.

ಆಳುಗಳನ್ನು ಕೂಡಿಸಿ ತರುವವನು ಮೇಸ್ತ್ರಿ. ಅವನ ಕೈಯಲ್ಲಿದ್ದ ಸಾಧನವು ಮುಂಗಡದ ಹಣ. ತೋಟವನ್ನು ಸೇರಿದ ಆಳಿಗೆ ಕೆಲಸವೂ ಮನೆಯೂ ಕೂಲಿಯೂ ಒಂದೇ ಕೈಯಿಂದ ದೊರೆಯುತ್ತಿದ್ದುವು. ಕೋಲಾರದ ಚಿನ್ನದ ಗಣಿಗಳಂತೆ ಇಲ್ಲಿ ಪಟ್ಟಣವೇಳಲಿಲ್ಲ. ಆದರೆ ಸಾಲುಮನೆಗಳ ಆ 'ಲೈನು', ಕೆಲಸ ಕೊಡುವವನೇ ಮನೆಯೊಡೆಯನೂ ಆದ ಊರೇ ಸರಿ.

ಈ ಸಂಬಂಧಕ್ಕೆ ಬೆಂಬಲವಾಗಿ ನಿಂತುದು 1859ರ 13ನೆಯ ಆ್ಯಕ್ಟು. ಕಲ್ಕತ್ತೆಯ ವರ್ತಕರ ಮನವಿಯಿಂದ ಹುಟ್ಟಿದ ಈ ಶಾಸನವು ಕ್ರಮೇಣ ತೋಟಗಳ ಸೀಮೆಗೂ ವ್ಯಾಪಿಸಿತು. ಮುಂಗಡ ಪಡೆದು ಸಕಾರಣವಿಲ್ಲದೆ ಕೆಲಸ ಬಿಟ್ಟವನು ಹಣವನ್ನು ಹಿಂದಿರುಗಿಸಬೇಕು, ಇಲ್ಲವೆ ಕೆಲಸವನ್ನು ಮುಗಿಸಬೇಕು. ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಕಠಿನ ಸಜೆ. ಕೂಲಿ ಕೊಡದ ಯಜಮಾನನಿಗೆ ಇದರಲ್ಲಿ ಸಜೆಯಿರಲಿಲ್ಲ.

ತೋಟದವರ ವಾದವನ್ನು ಸುಳ್ಳೆಂದು ತಳ್ಳುವಂತಿಲ್ಲ. ಆಸ್ತಿಯಿಲ್ಲದವನ ಮೇಲೆ ಸಿವಿಲ್ ದಾವೆ ಹೂಡಿ ಫಲವೇನು, ಕೊಟ್ಟ ಹಣ ಮುಳುಗಿದರೆ ಬೆಳೆಯನ್ನು ಉಳಿಸುವವರಾರು ಎಂದು ಅವರು ಕೇಳುತ್ತಿದ್ದರು. ಪ್ರತಿವಾದವು ನ್ಯಾಯಮೂಲವಾದುದು: ಸಾಲವು ಅಪರಾಧವಲ್ಲ, ಕರಾರು ಇಬ್ಬರದಾದ ಮೇಲೆ ದಂಡನೆ ಒಬ್ಬನಿಗೇ ಸಲ್ಲಕೂಡದು. ಆದರೆ ವಾದಿಗಳ ಬಲವು ಸಮವಾಗಿರಲಿಲ್ಲ. 1893ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ತೋಟಗಾರರ ಸಂಯುಕ್ತ ಸಂಘವು ಸ್ಥಾಪಿತವಾಯಿತು. ಲೈನಿನ ಆಳಿಗೆ ಅಂತಹ ಸಂಘವಿರಲಿಲ್ಲ.

1919ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹುಟ್ಟಿದ ಬಳಿಕ ಇಂತಹ ಶಾಸನಗಳ ಸಮರ್ಥನೆ ದುಸ್ತರವಾಯಿತು. 1925ರಲ್ಲಿ ರದ್ದತಿಯ ಶಾಸನವಾಗಿ, 1926ರ ಏಪ್ರಿಲಿನಿಂದ ಬ್ರಿಟಿಷ್ ಇಂಡಿಯಾದಲ್ಲಿ ಅದು ಜಾರಿಗೆ ಬಂದಿತು. ಸೆರೆಯ ಭಯ ಹೋದರೂ ಸಾಲದ ಕಟ್ಟು ಒಡನೆಯೇ ಸಡಿಲಲಿಲ್ಲ. ಜೀತವನ್ನು ಶಾಸನವು ದೇಶದಾದ್ಯಂತ ನಿಷೇಧಿಸಿದುದು 1976ರಲ್ಲಿ.

1951ರ ತೋಟಗಾರಿಕಾ ಕಾರ್ಮಿಕ ಶಾಸನವು ಮನೆ, ಕುಡಿಯುವ ನೀರು, ವೈದ್ಯ, ಶಿಶುಗೃಹಗಳನ್ನು ಮಾಲೀಕನ ಕರ್ತವ್ಯವೆಂದು ವಿಧಿಸಿತು. ದೊರೆಯ ದಯೆಯಾಗಿದ್ದುದು ಆಳಿನ ಹಕ್ಕಾಯಿತು. ಇದು ಸಾಮಾನ್ಯ ಪರಿವರ್ತನೆಯಲ್ಲ. ಆದರೂ ಆ ಮನೆಯು ಕೆಲಸಕ್ಕೇ ಅಂಟಿಕೊಂಡಿತು: ಕೆಲಸ ಬಿಟ್ಟವನು ಸೂರನ್ನೂ ಬಿಡಬೇಕು. ಈ ಶಾಸನದ ವಿಷಯವನ್ನು 2020ರ ಸಂಹಿತೆಯಲ್ಲಿ ಸೇರಿಸಲಾಯಿತು.

ಈ ಚರಿತ್ರೆಯಿಂದ ತಿಳಿಯುವುದಿಷ್ಟು: 1859ರ ಶಾಸನವು ಆಳನ್ನು ಸೆರೆಮನೆಯ ಭಯದಿಂದ ಹಿಡಿದಿತ್ತು, ಅದು ಹೋದಮೇಲೆ ಹಿಡಿದುದು ವಾಸದ ಮನೆ. ಹೋಗುವ ಸ್ವಾತಂತ್ರ್ಯವು ಹೋಗಿ ನಿಲ್ಲಲು ನೆಲೆಯಿರುವವನಿಗೆ ಮಾತ್ರ ಪೂರ್ಣವಾಗಿ ದಕ್ಕುತ್ತದೆ.