ದುರ್ಗ ಸೀಮೆಯಲ್ಲಿ ಕ್ಯಾರವಾನ್ ಪ್ರವಾಸ: ಹಗಲು ಕಾಡಿನಲ್ಲಿ, ರಾತ್ರಿ ಊರಿನಲ್ಲಿ

ಚಿತ್ರದುರ್ಗ: ಹಾಸಿಗೆ, ಒಲೆ, ನೀರಿನ ತೊಟ್ಟಿ ಹಾಗೂ ಶೌಚಾಲಯವನ್ನು ಒಳಗೊಂಡ ಕ್ಯಾರವಾನ್ ವಾಹನಗಳು ರಾಜ್ಯದ ಹೆದ್ದಾರಿಗಳಲ್ಲಿ ಅಪರೂಪಕ್ಕಾದರೂ ಕಾಣಸಿಗುತ್ತಿವೆ. ಇವುಗಳಲ್ಲಿ ಹೊರಡುವವರ ಕಣ್ಣು ಸಾಮಾನ್ಯವಾಗಿ ಮಲೆನಾಡು ಮತ್ತು ಕರಾವಳಿಯ ಕಡೆಗೆ. ಆದರೆ ಬೆಂಗಳೂರಿನಿಂದ ಸುಮಾರು 160 ಕಿ.ಮೀ. ದೂರದ ಹಿರಿಯೂರಿನಲ್ಲಿ ಹೆದ್ದಾರಿ ಬಿಟ್ಟು ಹೊಸದುರ್ಗ, ಹೊಳಲ್ಕೆರೆ ಮಾರ್ಗವಾಗಿ ಚಿತ್ರದುರ್ಗ ಸೇರುವ ದಾರಿಯಲ್ಲಿ ಬೆಟ್ಟವೂ ಇದೆ, ಕಡಲಿನಂತೆ ಹರಡಿದ ನೀರೂ ಇದೆ. ಮೂರು ದಿನಗಳಿಗೆ ಸಾಲುವ ಈ ಸುತ್ತಿಗೆ ಚಳಿಗಾಲವೇ ಸೂಕ್ತ ಸಮಯ.

ನವೆಂಬರ್‌ನಿಂದಲೇ ಏಕೆ?

ಈ ಭಾಗದ ಗುಡ್ಡಗಳ ಗಾಳಿ ಪ್ರಸಿದ್ಧ. ಸಾಲುಸಾಲಾಗಿ ನಿಂತ ಗಾಳಿಯಂತ್ರಗಳೇ ಅದಕ್ಕೆ ಸಾಕ್ಷಿ. ನೈಋತ್ಯ ಮುಂಗಾರಿನ ತಿಂಗಳುಗಳಲ್ಲಿ ಗಾಳಿಯ ರಭಸ ಹೆಚ್ಚು. ಎತ್ತರದ ವಾಹನವನ್ನು ಬಯಲು ರಸ್ತೆಯಲ್ಲಿ ನಡೆಸುವುದು ಆಗ ಕಷ್ಟ. ಚಳಿಗಾಲದಲ್ಲಿ ರಭಸ ತಗ್ಗಿರುತ್ತದೆ. ಹಿಂಗಾರು ಮಳೆಯಾದ ವರ್ಷ ಕುರುಚಲು ಕಾಡು ಡಿಸೆಂಬರ್‌ವರೆಗೂ ಹಸಿರಾಗಿರುತ್ತದೆ. ಜನವರಿ ಕಳೆದರೆ ಹುಲ್ಲು ಒಣಗಿ, ಕಾಳ್ಗಿಚ್ಚಿನ ಕಾಲ ಆರಂಭವಾಗುತ್ತದೆ.

ಮೊದಲ ದಿನ: ವಾಣಿವಿಲಾಸ ಸಾಗರ

ಹಿರಿಯೂರಿನಿಂದ ಸುಮಾರು 20 ಕಿ.ಮೀ. ದೂರದಲ್ಲಿ, ಎರಡು ಬೆಟ್ಟಗಳ ನಡುವಿನ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಕಟ್ಟಿದ ಅಣೆಕಟ್ಟೆಯಿದೆ. ಮೈಸೂರು ಸಂಸ್ಥಾನದ ಈ ಕಾಮಗಾರಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಗರಿಷ್ಠ ಮಟ್ಟ 130 ಅಡಿ, ಸಂಗ್ರಹ ಸಾಮರ್ಥ್ಯ ಸುಮಾರು 30 ಟಿಎಂಸಿ ಅಡಿ. 1933ರಲ್ಲಿ ಕೋಡಿ ಬಿದ್ದಿದ್ದ ಜಲಾಶಯ ಮತ್ತೆ ತುಂಬಿ ಹರಿದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರ್‌ನಲ್ಲಿ. 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಬಿತ್ತು.

ಹಿನ್ನೀರು ಹೊಸದುರ್ಗ ತಾಲ್ಲೂಕಿನವರೆಗೆ ಚಾಚಿದೆ. ದಡದ ಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿರುವುದರಿಂದ ಭಾರದ ವಾಹನವನ್ನು ನೀರಿನಂಚಿಗೆ ಇಳಿಸಬಾರದು. ಚಿತ್ರದುರ್ಗ, ಹಿರಿಯೂರು ಪಟ್ಟಣಗಳು ಕುಡಿಯುವುದು ಇದೇ ನೀರನ್ನು. ಪಾತ್ರೆ ತೊಳೆದ ನೀರನ್ನಾಗಲಿ, ಶೌಚದ ತೊಟ್ಟಿಯನ್ನಾಗಲಿ ಇಲ್ಲಿ ಬರಿದು ಮಾಡುವುದು ಊರವರ ಬಿಂದಿಗೆಗೆ ಕೊಳೆ ಸುರಿದಂತೆ.

ಎರಡನೇ ದಿನ: ಹೊಸದುರ್ಗ, ಹೊಳಲ್ಕೆರೆ

ತೆಂಗಿನ ತೋಟಗಳ ನಡುವಿನ ಕಿರಿದಾದ ರಸ್ತೆಗಳಲ್ಲಿ ಬಾಗಿದ ಗರಿ ಹಾಗೂ ಜೋತುಬಿದ್ದ ವಿದ್ಯುತ್ ತಂತಿಗಳ ಬಗ್ಗೆ ಎಚ್ಚರ ಅಗತ್ಯ. ವಾಹನದ ಎತ್ತರ ಎಷ್ಟೆಂಬುದು ಚಾಲಕರಿಗೆ ಬಾಯಿಪಾಠವಾಗಿರಬೇಕು. ಸುಗ್ಗಿಯ ಈ ದಿನಗಳಲ್ಲಿ ರಾಗಿ, ಹುರುಳಿಯನ್ನು ರಸ್ತೆಯಲ್ಲೇ ಹರಡಿ ಒಕ್ಕಣೆ ಮಾಡುವುದುಂಟು. ಹುರುಳಿ ಬಳ್ಳಿ ವಾಹನದ ಅಡಿಯಲ್ಲಿ ಸುತ್ತಿಕೊಂಡು, ಬಿಸಿಯಾದ ಹೊಗೆಕೊಳವೆಗೆ ತಾಗಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಒಳಗೆ ಅಡುಗೆ ಅನಿಲವಿರುವ ವಾಹನಕ್ಕೆ ಇದು ಸಣ್ಣ ಮಾತಲ್ಲ. ಸಾಧ್ಯವಾದರೆ ಬೇರೆ ದಾರಿ ಹಿಡಿಯಬೇಕು. ಇಲ್ಲವಾದರೆ ನಿಧಾನವಾಗಿ ದಾಟಿ, ಕೆಳಗಿಳಿದು ಅಡಿಭಾಗ ಪರೀಕ್ಷಿಸಬೇಕು. ಚಲಿಸುವಾಗ ಸಿಲಿಂಡರ್ ಕವಾಟ ಮುಚ್ಚಿರಲೇಬೇಕು.

ನವೆಂಬರ್ ಮೊದಲ ವಾರದಲ್ಲಿ ಹೊರಟವರು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ನಾಟಕೋತ್ಸವದ ದಿನಗಳನ್ನು ವಿಚಾರಿಸಿಕೊಳ್ಳಬಹುದು. ಬಯಲು ರಂಗಮಂದಿರದಲ್ಲಿ ಕೂರುವವರಿಗೆ ಹೊದಿಕೆ ಬೇಕಾದೀತು. ಮುಂದೆ ಹೊಳಲ್ಕೆರೆಯಲ್ಲಿ, ಬಯಲಿನಲ್ಲೇ ಕುಳಿತ ಬೃಹತ್ ಗಣಪತಿಯ ದರ್ಶನವಾಗುತ್ತದೆ. ಅಲ್ಲಿಂದ ಚಿತ್ರದುರ್ಗಕ್ಕೆ ಸುಮಾರು 32 ಕಿ.ಮೀ.

ಮೂರನೇ ದಿನ: ಕೋಟೆ ಮತ್ತು ಜೋಗಿಮಟ್ಟಿ

ಏಳು ಸುತ್ತಿನ ಕೋಟೆಯನ್ನು ಬೆಳಿಗ್ಗೆಯೇ ಹತ್ತುವುದು ಲೇಸು. ಬಿಸಿಲೇರಿದರೆ ಬಂಡೆಗಳು ಚಳಿಗಾಲದಲ್ಲೂ ಕಾಯುತ್ತವೆ. ಸನಿಹದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಬಂಡೆ ಶಾಸನ, ಅಂಕಲಿ ಮಠದ ಗುಹೆಗಳು ಹಾಗೂ ಕೆರೆಯಿವೆ.

ನಗರದಿಂದ ಸುಮಾರು 10 ಕಿ.ಮೀ. ದೂರದ ಜೋಗಿಮಟ್ಟಿ 2015ರಲ್ಲಿ ವನ್ಯಜೀವಿಧಾಮವಾಯಿತು. ಕರಡಿ, ಚಿರತೆ, ಕೊಂಡುಕುರಿಗಳ ನೆಲೆಯಿದು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಪ್ರವೇಶಕ್ಕೆ ಅನುಮತಿ ಬೇಕು. ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಚ್ಚುವುದು ಅಪರಾಧ. ಆಳೆತ್ತರದ ಬಾದೆ ಹುಲ್ಲಿಗೆ ಕಿಡಿ ತಗುಲಿದರೆ ಗಾಳಿ ಅದನ್ನು ಬೆಟ್ಟದಿಂದ ಬೆಟ್ಟಕ್ಕೆ ಒಯ್ಯುತ್ತದೆ. ಆದ್ದರಿಂದ ದೊಡ್ಡ ವಾಹನವನ್ನು ನಗರದಲ್ಲೇ ಬಿಟ್ಟು, ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ಸಣ್ಣ ವಾಹನದಲ್ಲಿ ಹೋಗಿಬರುವುದು ಒಳಿತು. ಸಂಜೆಯೊಳಗೆ ಕೆಳಗಿಳಿಯಬೇಕು.

ರಾತ್ರಿ ತಂಗುವುದು ಎಲ್ಲಿ?

ಮಲಗಲು ವಾಹನವಿದೆ ಎಂದ ಮಾತ್ರಕ್ಕೆ ಎಲ್ಲೆಂದರಲ್ಲಿ ನಿಲ್ಲಿಸುವಂತಿಲ್ಲ. ಕಾಡಿನಂಚು, ಅಣೆಕಟ್ಟೆಯ ಆವರಣ ಹಾಗೂ ಹೆದ್ದಾರಿಯ ಬದಿ ತಂಗಲು ತಕ್ಕ ಸ್ಥಳಗಳಲ್ಲ. ಹೆದ್ದಾರಿಯ ಹೋಟೆಲ್, ಪೆಟ್ರೋಲ್ ಬಂಕ್ ಅಥವಾ ದೇವಸ್ಥಾನದ ಬಯಲಿನಲ್ಲಿ ಸಂಬಂಧಪಟ್ಟವರನ್ನು ಕೇಳಿಯೇ ನಿಲ್ಲಿಸಬೇಕು. ಚಿತ್ರದುರ್ಗದಲ್ಲಿ ಕೋಟೆಯ ಸಮೀಪವೇ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹೋಟೆಲ್ ಇದೆ.

ಹೊರಡುವ ಮುನ್ನ

* ನೀರು: ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಕೊಳವೆಬಾವಿಯ ನೀರು ತೊಳೆಯಲು ಸಾಕು. ಕುಡಿಯಲು ಹಳ್ಳಿಗಳ ಶುದ್ಧ ನೀರಿನ ಘಟಕಗಳಿವೆ. ಕ್ಯಾನ್ ಹಾಗೂ ಚಿಲ್ಲರೆ ನಾಣ್ಯಗಳು ಜೊತೆಗಿರಲಿ.
* ದಾಖಲೆ: ಹಳೆಯ ವ್ಯಾನನ್ನು ಮನಬಂದಂತೆ ಮಾರ್ಪಡಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಇದನ್ನು ನಿರ್ಬಂಧಿಸುತ್ತದೆ. ಬಾಡಿಗೆ ವಾಹನವಾದರೆ ನೋಂದಣಿ ಪತ್ರ ಹಾಗೂ ವಿಮೆಯನ್ನು ನೋಡಿಯೇ ಮುಂಗಡ ಕೊಡಬೇಕು.
* ಉಸಿರು: ಚಳಿಯೆಂದು ಕಿಟಕಿಗಳನ್ನೆಲ್ಲ ಮುಚ್ಚಿ ಒಲೆ ಉರಿಸುವುದು ಪ್ರಾಣಾಪಾಯ. ಕೆಂಡವನ್ನು ಒಳಗಿಡಲೇಬಾರದು.
* ತ್ಯಾಜ್ಯ: ಶೌಚದ ತೊಟ್ಟಿಯನ್ನು ಒಳಚರಂಡಿ ಅಥವಾ ಶೌಚಗುಂಡಿಯ ಸಂಪರ್ಕವಿರುವ ಶೌಚಾಲಯದಲ್ಲಿ, ಅನುಮತಿ ಪಡೆದು ಬರಿದು ಮಾಡಬೇಕು.

ದುರ್ಗದ ಬೆಟ್ಟಗಳು ನೋಡಲು ಕಲ್ಲಿನಂತೆ ಗಟ್ಟಿ. ಆದರೆ ಅವುಗಳ ಮೇಲಿನ ಹುಲ್ಲು, ಅದರೊಳಗಿನ ಕೊಂಡುಕುರಿ, ಕೆಳಗಿನ ಜಲಾಶಯ ಮೂರೂ ಸೂಕ್ಷ್ಮ. ಹಗಲು ನೋಡಿ, ಇರುಳು ಊರಿಗೆ ಮರಳುವ ಪ್ರವಾಸಿಗರಿಂದ ಅವಕ್ಕೆ ತೊಂದರೆಯಿಲ್ಲ.