ಮೆದುಳಿನ ಕ್ಯಾನ್ಸರ್: ನಿರ್ಧರಿಸುವ ಶಕ್ತಿ ಇರುವಾಗಲೇ ಆಗಬೇಕಾದ ನಿರ್ಧಾರಗಳು

ಶ್ವಾಸಕೋಶದ ಅಥವಾ ಜಠರದ ಕ್ಯಾನ್ಸರ್‌ಗೆ ತುತ್ತಾದ ವ್ಯಕ್ತಿ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಬಹುಮಟ್ಟಿಗೆ ಕೊನೆಯ ದಿನಗಳವರೆಗೂ ಹೇಳಬಲ್ಲ. ಮೆದುಳಿನ ಕ್ಯಾನ್ಸರ್‌ನಲ್ಲಿ ಆ ಭರವಸೆಯಿಲ್ಲ. ಗೆಡ್ಡೆ ಬೆಳೆಯುವುದು ಮಾತು, ನೆನಪು, ವಿವೇಚನೆಗಳ ನೆಲೆಯಲ್ಲೇ. ಕಠಿಣ ಪ್ರಶ್ನೆಗಳು ಎದುರಾಗುವ ಹೊತ್ತಿಗೆ ಉತ್ತರಿಸಬೇಕಾದ ವ್ಯಕ್ತಿಯೇ ಉತ್ತರಿಸಲಾರದ ಸ್ಥಿತಿ ತಲುಪಿರುವುದುಂಟು. ಆಗ ಇಡೀ ಭಾರ ಮನೆಯವರ ಮೇಲೆ ಬೀಳುತ್ತದೆ. ರೋಗಿಯ ಮನಸ್ಸಿನಲ್ಲಿ ಏನಿತ್ತೆಂಬುದು ಅವರಿಗೂ ತಿಳಿದಿರುವುದಿಲ್ಲ.

ವಯಸ್ಕರಲ್ಲಿ ಮೆದುಳಿನಲ್ಲೇ ಹುಟ್ಟುವ ಮಾರಕ ಗೆಡ್ಡೆಗಳ ಪೈಕಿ ಅತಿ ಹೆಚ್ಚಾಗಿ ಕಂಡುಬರುವುದು ಗ್ಲಯೊಬ್ಲಾಸ್ಟೋಮ. ‘ಯಾವ ಸ್ಟೇಜ್?’ ಎಂಬುದು ಬಂಧುಗಳ ಮೊದಲ ಪ್ರಶ್ನೆ. ಆದರೆ ಈ ರೋಗಕ್ಕೆ ಆ ಲೆಕ್ಕ ಅನ್ವಯಿಸದು. ಇದು ದೇಹದ ಬೇರೆ ಅಂಗಗಳಿಗೆ ಹರಡುವುದು ತೀರಾ ಅಪರೂಪ. ಗೆಡ್ಡೆಯ ಉಗ್ರತೆಯನ್ನು ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆ 1ರಿಂದ 4ರವರೆಗೆ ದರ್ಜೆ ನಿಗದಿಪಡಿಸಿದ್ದು, ಗ್ಲಯೊಬ್ಲಾಸ್ಟೋಮ 4ನೇ ದರ್ಜೆಗೆ ಸೇರಿದೆ. ಗರಿಕೆಯ ಬೇರಿನಂತೆ ಸುತ್ತಲಿನ ಆರೋಗ್ಯವಂತ ಭಾಗದೊಳಗೆ ಇದರ ಕೋಶಗಳು ನುಸುಳಿರುತ್ತವೆ. ಕಣ್ಣಿಗೆ ಕಂಡಷ್ಟನ್ನೂ ಶಸ್ತ್ರಚಿಕಿತ್ಸಕರು ತೆಗೆದರೂ ಪೂರ್ತಿ ತೆಗೆದಂತಾಗುವುದಿಲ್ಲ.

ಹೀಗಿದ್ದೂ ಮೊದಲ ಹಂತದ ಚಿಕಿತ್ಸೆಯಲ್ಲಿ ಹೆಚ್ಚಿನ ಗೊಂದಲವಿಲ್ಲ. ಮಾತು ಅಥವಾ ಕೈಕಾಲಿನ ಚಲನೆಗೆ ಧಕ್ಕೆಯಾಗದಂತೆ ಎಷ್ಟು ಸಾಧ್ಯವೋ ಅಷ್ಟು ಗೆಡ್ಡೆಯನ್ನು ತೆಗೆಯುವುದು, ಬಳಿಕ ಆರು ವಾರ ವಿಕಿರಣ ಚಿಕಿತ್ಸೆ, ಜೊತೆಗೆ ಟೆಮೊಜೊಲೊಮೈಡ್ ಎಂಬ ಗುಳಿಗೆ, ನಂತರವೂ ಆರು ತಿಂಗಳು ಅದೇ ಗುಳಿಗೆ. 573 ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಕ್ರಮಕ್ಕೆ ಆಧಾರ. ವಿಕಿರಣ ಮಾತ್ರ ಪಡೆದವರ ಬದುಕಿನ ಮಧ್ಯಾಂಕ ಅವಧಿ 12.1 ತಿಂಗಳಿದ್ದರೆ, ಗುಳಿಗೆಯನ್ನೂ ಪಡೆದವರಲ್ಲಿ ಅದು 14.6 ತಿಂಗಳಿಗೆ ಏರಿತು. ಎರಡು ವರ್ಷ ದಾಟಿದವರ ಪ್ರಮಾಣ ಶೇ 10.4ರಿಂದ ಶೇ 26.5ಕ್ಕೆ ಹೆಚ್ಚಿತು.

ಮಧ್ಯಾಂಕವೆಂದರೆ ವೈದ್ಯರು ಕೊಟ್ಟ ಗಡುವಲ್ಲ. ಅರ್ಧದಷ್ಟು ರೋಗಿಗಳು ಅದಕ್ಕಿಂತ ಹೆಚ್ಚು ಕಾಲ, ಉಳಿದರ್ಧ ಅದಕ್ಕಿಂತ ಕಡಿಮೆ ಕಾಲ ಬದುಕಿದರು ಎಂದಷ್ಟೇ ಅದರ ಅರ್ಥ. ಅದೇ ಅಧ್ಯಯನದಲ್ಲಿ ಗುಳಿಗೆ ಪಡೆದವರ ಪೈಕಿ ನೂರಕ್ಕೆ ಸುಮಾರು ಹತ್ತು ಮಂದಿ ಐದು ವರ್ಷದ ನಂತರವೂ ಬದುಕಿದ್ದರು. ಆ ಹತ್ತು ಮಂದಿಯಲ್ಲಿ ತಾನೂ ಒಬ್ಬನಾಗಬಹುದೆಂದು ಆಶಿಸುವುದು ತಪ್ಪಲ್ಲ. ಉಳಿದ ತೊಂಬತ್ತು ಮಂದಿಯನ್ನು ಮರೆತು ಯೋಜನೆ ಹಾಕುವುದು ಮಾತ್ರ ತಪ್ಪು.

ಆಯ್ಕೆಗೆ ಮುನ್ನ ಅಂಗಾಂಶದ ಆಣ್ವಿಕ ಪರೀಕ್ಷೆಯ ವರದಿ ಕೈಯಲ್ಲಿರುವುದು ಒಳಿತು. ‘ಐಡಿಎಚ್’ ಎಂಬ ವಂಶವಾಹಿಯಲ್ಲಿ ಮಾರ್ಪಾಡು ಇರುವ ಗೆಡ್ಡೆಯನ್ನು 2021ರ ವರ್ಗೀಕರಣದ ನಂತರ ಗ್ಲಯೊಬ್ಲಾಸ್ಟೋಮ ಎಂದು ಕರೆಯುವುದಿಲ್ಲ. ಅಂಥವರು ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುತ್ತಾರೆ. ‘ಎಂಜಿಎಂಟಿ’ ಪರೀಕ್ಷೆಯಾದರೋ ಗುಳಿಗೆ ಎಷ್ಟರ ಮಟ್ಟಿಗೆ ಫಲಿಸೀತೆಂಬುದರ ಸುಳಿವು ನೀಡುತ್ತದೆ. ಫಲಿತಾಂಶ ಅನುಕೂಲಕರವಾಗಿದ್ದವರಲ್ಲಿ ವಿಕಿರಣ ಮತ್ತು ಗುಳಿಗೆಯಿಂದ ಮಧ್ಯಾಂಕ ಅವಧಿ 21.7 ತಿಂಗಳಾಗಿತ್ತು; ಪ್ರತಿಕೂಲವಾಗಿದ್ದವರಲ್ಲಿ 12.7 ತಿಂಗಳು ಮಾತ್ರ.

ಎಪ್ಪತ್ತು ದಾಟಿದವರ ವಿಷಯದಲ್ಲಿ ‘ಈ ವಯಸ್ಸಿನಲ್ಲಿ ಇನ್ನೇನು’ ಎಂದು ಕೈಚೆಲ್ಲುವವರಿದ್ದಾರೆ. ಎಲ್ಲವೂ ಆಗಲೇಬೇಕೆಂದು ಹಟ ಹಿಡಿಯುವವರೂ ಇದ್ದಾರೆ. ಎರಡರ ನಡುವೆ ದಾರಿಯಿದೆ. ಎಪ್ಪತ್ತು ಮೀರಿದವರಲ್ಲಿ ವಿಕಿರಣ ಚಿಕಿತ್ಸೆಯು ಬರೀ ಆರೈಕೆಗಿಂತ ಹೆಚ್ಚು ದಿನ ಕೊಡುತ್ತದೆ ಎಂಬುದು 2007ರಲ್ಲೇ ದೃಢಪಟ್ಟಿತು: 16.9 ವಾರಗಳ ಜಾಗದಲ್ಲಿ 29.1 ವಾರ. 65 ವರ್ಷ ಮೇಲ್ಪಟ್ಟವರಿಗೆ ಆರು ವಾರಗಳ ಬದಲು ಮೂರೇ ವಾರಗಳ ವಿಕಿರಣವನ್ನು ಗುಳಿಗೆಯೊಂದಿಗೆ ನೀಡಬಹುದೆಂದು 2017ರ ಅಧ್ಯಯನ ತೋರಿಸಿತು. ಊರು ಬಿಟ್ಟು ಬಂದು ಬೆಂಗಳೂರಿನಲ್ಲಿ ಬಾಡಿಗೆ ಕೋಣೆ ಹಿಡಿಯಬೇಕಾದ ಕುಟುಂಬಕ್ಕೆ ಮೂರು ವಾರಗಳ ಈ ಅಂತರ ಸಣ್ಣದಲ್ಲ. ಉಳಿದಿರುವ ಕಾಲವೇ ಕಡಿಮೆಯಿದ್ದಾಗ ಅದರಲ್ಲಿ ಎಷ್ಟು ಭಾಗ ಆಸ್ಪತ್ರೆಯ ಸಾಲಿನಲ್ಲಿ ಕಳೆಯುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕು.

ನಿಜವಾದ ಸಂಕಟ ಎದುರಾಗುವುದು ರೋಗ ಮರುಕಳಿಸಿದಾಗ. ಗ್ಲಯೊಬ್ಲಾಸ್ಟೋಮ ಬಹುತೇಕ ಎಲ್ಲರಲ್ಲೂ ಮರುಕಳಿಸುತ್ತದೆ. ಆದರೆ ಅವಸರ ಸಲ್ಲದು. ವಿಕಿರಣ ಮುಗಿದ ಮೊದಲ ಮೂರು ತಿಂಗಳಲ್ಲಿ ತೆಗೆದ ಎಂಆರ್‌ಐ ಚಿತ್ರದಲ್ಲಿ ಗೆಡ್ಡೆ ಬೆಳೆದಂತೆ ಕಂಡರೂ ಅದು ಚಿಕಿತ್ಸೆಯಿಂದಲೇ ಉಂಟಾದ ಊತವಾಗಿರಬಹುದು. ಕೆಲ ವಾರ ಬಿಟ್ಟು ಮತ್ತೊಮ್ಮೆ ಚಿತ್ರ ತೆಗೆಸದೆ ‘ಔಷಧಿ ಹಿಡಿಯಲಿಲ್ಲ’ ಎಂದು ತೀರ್ಮಾನಿಸಿದರೆ ಫಲ ನೀಡುತ್ತಿದ್ದ ಚಿಕಿತ್ಸೆಯನ್ನೇ ನಿಲ್ಲಿಸಿದಂತಾದೀತು.

ಮರುಕಳಿಕೆ ಖಚಿತವಾದ ಮೇಲೆ ಎಲ್ಲರೂ ಒಪ್ಪುವ ಒಂದೇ ಮಾರ್ಗವೆಂಬುದಿಲ್ಲ. ಮತ್ತೊಂದು ಶಸ್ತ್ರಚಿಕಿತ್ಸೆ, ಮತ್ತೊಮ್ಮೆ ವಿಕಿರಣ, ಲೊಮಸ್ಟಿನ್ ಗುಳಿಗೆ, ಬೆವಾಸಿಜುಮ್ಯಾಬ್ ಚುಚ್ಚುಮದ್ದು, ಹೊಸ ಔಷಧಗಳ ಪ್ರಯೋಗ - ಇವು ಮುಂದಿರುವ ಆಯ್ಕೆಗಳು. ಬೆವಾಸಿಜುಮ್ಯಾಬ್ ವಿಷಯವನ್ನು ವಿಶೇಷವಾಗಿ ತಿಳಿಯಬೇಕು. ಇದನ್ನು ಕೊಟ್ಟ ನಂತರ ಊತ ಇಳಿದು ಎಂಆರ್‌ಐ ಚಿತ್ರ ಚೆನ್ನಾಗಿ ಕಾಣುತ್ತದೆ, ರೋಗಿಗೂ ಹಾಯೆನಿಸಬಹುದು. ಆದರೆ ಲೊಮಸ್ಟಿನ್ ಜೊತೆ ಇದನ್ನು ಸೇರಿಸಿ ಕೊಟ್ಟ ಅಧ್ಯಯನದ 2017ರ ವರದಿಯಂತೆ ಬದುಕಿನ ಮಧ್ಯಾಂಕ ಅವಧಿ 9.1 ತಿಂಗಳು, ಲೊಮಸ್ಟಿನ್ ಒಂದನ್ನೇ ಪಡೆದವರಲ್ಲಿ 8.6 ತಿಂಗಳು. ಈ ವ್ಯತ್ಯಾಸ ಗಣನೀಯವೆನಿಸಲಿಲ್ಲ. ಚಿತ್ರ ಸುಧಾರಿಸುವುದು ಬೇರೆ, ಆಯುಷ್ಯ ಹೆಚ್ಚುವುದು ಬೇರೆ. ಜಮೀನು ಮಾರಿ ಈ ಔಷಧಕ್ಕೆ ಹಣ ಹೊಂದಿಸಲು ಹೊರಟವರಿಗೆ ಈ ಮಾತನ್ನು ಮೊದಲೇ ಯಾರಾದರೂ ಬಿಡಿಸಿ ಹೇಳಬೇಕು. ಹಾಗೆಂದು ಅದು ನಿಷ್ಪ್ರಯೋಜಕವಲ್ಲ. ಊತದ ಬಾಧೆ ತಗ್ಗಿಸಲು ಅದನ್ನು ಬಳಸುವುದಕ್ಕೆ ಅರ್ಥವಿದೆ. ಈ ಚಿಕಿತ್ಸೆ ಯಾತಕ್ಕೆ - ದಿನ ಹೆಚ್ಚಿಸಲೋ, ಇರುವ ದಿನಗಳನ್ನು ಸಹನೀಯಗೊಳಿಸಲೋ? ಫಲ ನೀಡುತ್ತಿದೆಯೆಂದು ಯಾವಾಗ ತಿಳಿಯುತ್ತದೆ? ಮಾಡಿಸದಿದ್ದರೆ ಏನಾಗುತ್ತದೆ? ವೈದ್ಯರೆದುರು ಇಷ್ಟನ್ನು ಕೇಳಲು ಸಂಕೋಚಪಡಬೇಕಿಲ್ಲ.

ಅಮೆರಿಕದ ಇಬ್ಬರು ಸೆನೆಟರ್‌ಗಳ ಉದಾಹರಣೆ ಇಲ್ಲಿ ಪ್ರಸ್ತುತ. ಎಡ್ವರ್ಡ್ ಕೆನಡಿ ಅವರಲ್ಲಿ 2008ರ ಮೇ ತಿಂಗಳಲ್ಲಿ ಮೆದುಳಿನ ಮಾರಕ ಗೆಡ್ಡೆ ಪತ್ತೆಯಾಯಿತು. ಅವರು ಜೂನ್‌ನಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾಗಿ, ಆಗಸ್ಟ್‌ನಲ್ಲಿ ತಮ್ಮ ಪಕ್ಷದ ಮಹಾಧಿವೇಶನದಲ್ಲಿ ಭಾಷಣ ಮಾಡಿದರು. 2009ರ ಆಗಸ್ಟ್ 25ರಂದು ನಿಧನರಾದರು. ಜಾನ್ ಮೆಕೇನ್ ಅವರಿಗೆ 2017ರ ಜುಲೈನಲ್ಲಿ ಗ್ಲಯೊಬ್ಲಾಸ್ಟೋಮ ಇರುವುದು ಗೊತ್ತಾಯಿತು. ವರ್ಷ ಕಾಲ ಚಿಕಿತ್ಸೆ ಪಡೆದ ಅವರು ಇನ್ನು ಸಾಕೆಂದು ನಿರ್ಧರಿಸಿರುವುದಾಗಿ ಕುಟುಂಬ 2018ರ ಆಗಸ್ಟ್ 24ರಂದು ಪ್ರಕಟಿಸಿತು. ಮರುದಿನವೇ ಅವರು ತೀರಿಕೊಂಡರು. ಅತ್ಯುತ್ತಮ ಆಸ್ಪತ್ರೆಗಳೂ ಹಣವೂ ಕೈಗೆಟುಕುವಂತಿದ್ದ ಇಬ್ಬರಿಗೂ ದೊರೆತದ್ದು ಒಂದು ವರ್ಷದ ಆಸುಪಾಸಿನ ಕಾಲ ಎಂಬುದು ಗಮನಾರ್ಹ.

ನಮ್ಮಲ್ಲಿ ತೊಡಕು ಬೇರೆಯದೇ. ‘ಅವರಿಗೆ ಹೇಳಬೇಡಿ ಡಾಕ್ಟ್ರೇ’ ಎಂದು ಮಕ್ಕಳು ಬಾಗಿಲಲ್ಲೇ ವೈದ್ಯರನ್ನು ತಡೆದು ಕೇಳಿಕೊಳ್ಳುವುದು ಸಾಮಾನ್ಯ. ಪ್ರೀತಿಯಿಂದ ಆಡಿದ ಮಾತೇ ಸರಿ. ಆದರೆ ಈ ರೋಗದಲ್ಲಿ ಅದರ ಬೆಲೆ ದುಬಾರಿ. ರುಜು ಹಾಕುವ ಕೈಯೂ, ಸರಿಯಾದ ಪದ ಹುಡುಕುವ ನಾಲಿಗೆಯೂ ಕೆಲವೇ ತಿಂಗಳಲ್ಲಿ ಸೋಲಬಹುದು. ಬ್ಯಾಂಕ್ ಖಾತೆ, ಆಸ್ತಿ, ಮಗಳ ಮದುವೆಯ ಮಾತು ಎಲ್ಲಕ್ಕೂ ಕಾಲವಿದ್ದಾಗಲೇ ಸತ್ಯ ತಿಳಿಸಿದರೆ ಮಾತ್ರ ರೋಗಿ ತನ್ನ ಮಾತು ಹೇಳಲು ಸಾಧ್ಯ. ಒಂದೇ ಸಲಕ್ಕೆ ಎಲ್ಲವನ್ನೂ ಸುರಿಯಬೇಕೆಂದಿಲ್ಲ. ಎಷ್ಟು ತಿಳಿಯಲು ಇಷ್ಟವೆಂದು ಅವರನ್ನೇ ಕೇಳಬಹುದು.

ಗೆಡ್ಡೆಯ ಚಿಕಿತ್ಸೆ ನಿಲ್ಲಿಸಿದರೆ ಆರೈಕೆ ನಿಂತಂತಲ್ಲ. ಊತ ಇಳಿಸುವ ಡೆಕ್ಸಾಮೆಥಾಸೋನ್, ಫಿಟ್ಸ್ ತಡೆಯುವ ಗುಳಿಗೆ, ನೋವಿಗೆ ಮಾರ್ಫಿನ್ ಮುಂದುವರಿಯುತ್ತವೆ. ಡೆಕ್ಸಾಮೆಥಾಸೋನ್ ಸಕ್ಕರೆ ಅಂಶ ಏರಿಸುತ್ತದೆ, ತೊಡೆಯ ಸ್ನಾಯು ಸೊರಗಿಸುತ್ತದೆ; ಆದರೂ ವೈದ್ಯರನ್ನು ಕೇಳದೆ ಅದನ್ನು ಥಟ್ಟನೆ ನಿಲ್ಲಿಸುವುದು ಅಪಾಯ. ಕೊನೆಯ ವಾರಗಳಲ್ಲಿ ರೋಗಿ ದಿನದ ಹೆಚ್ಚು ಹೊತ್ತು ನಿದ್ರಿಸುತ್ತಾನೆ, ನುಂಗುವುದು ಕಷ್ಟವಾಗುತ್ತದೆ. ಮೂಗಿನ ಮೂಲಕ ನಳಿಕೆ ಇಳಿಸಬೇಕೆ, ವೆಂಟಿಲೇಟರ್ ಬೇಕೆ ಎಂಬ ಪ್ರಶ್ನೆ ಏಳುವುದು ಆಗಲೇ. ಮನೆಯಲ್ಲಿ ನೋಡಿಕೊಳ್ಳಲು ಅಸಾಧ್ಯವಾದವರಿಗೆ ಬೆಂಗಳೂರಿನ ‘ಕರುಣಾಶ್ರಯ’ 1999ರಿಂದಲೂ ಉಚಿತ ಆರೈಕೆ ನೀಡುತ್ತಿದೆ.

ಕಾನೂನಿನ ಬೆಂಬಲವೂ ಇದೆ. ಘನತೆಯಿಂದ ಸಾಯುವ ಹಕ್ಕನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್, ‘ಲಿವಿಂಗ್ ವಿಲ್’ ಎಂದೇ ಪ್ರಚಲಿತವಾಗಿರುವ ಮುಂಗಡ ಇಚ್ಛಾಪತ್ರಕ್ಕೆ 2018ರ ಮಾರ್ಚ್ 9ರಂದು ಮನ್ನಣೆ ನೀಡಿತು. 2023ರ ಜನವರಿಯಲ್ಲಿ ವಿಧಾನವನ್ನು ಸರಳಗೊಳಿಸಿತು. ಈಗ ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕಿಲ್ಲ. ಇಬ್ಬರು ಸಾಕ್ಷಿಗಳ ಎದುರು ರುಜು ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಚೇತರಿಕೆಯ ಆಸೆಯಿಲ್ಲದವರ ಜೀವರಕ್ಷಕ ಚಿಕಿತ್ಸೆ ಹಿಂಪಡೆಯುವ ಕುರಿತು ವೈದ್ಯಕೀಯ ಮಂಡಳಿಗಳ ರಚನೆಗೆ ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಪ್ರಾಣ ತೆಗೆಯುವ ಚುಚ್ಚುಮದ್ದಿಗೂ ಇದಕ್ಕೂ ಸಂಬಂಧವಿಲ್ಲ. ಅಂಥದ್ದಕ್ಕೆ ಭಾರತದಲ್ಲಿ ಅನುಮತಿಯಿಲ್ಲ.

ಇಚ್ಛಾಪತ್ರ ಬರೆಯುವವರು 18 ವರ್ಷ ತುಂಬಿ, ಸ್ವಸ್ಥಚಿತ್ತರಾಗಿರಬೇಕು. ತಾನು ನಿರ್ಧರಿಸಲಾರದಾಗ ತನ್ನ ಪರವಾಗಿ ಮಾತನಾಡುವವರ ಹೆಸರನ್ನು ಅದರಲ್ಲಿ ನಮೂದಿಸಬೇಕು. ಮೆದುಳಿನ ಗೆಡ್ಡೆಯ ರೋಗಿಯ ಮಟ್ಟಿಗೆ ಇದಕ್ಕೆ ಸೂಕ್ತ ಕಾಲವೆಂದರೆ ಮೊದಲ ಚಿಕಿತ್ಸೆ ಮುಗಿದು ಆರಾಮವಾಗಿರುವ ತಿಂಗಳುಗಳು. ಅದರ ಒಂದು ಪ್ರತಿಯನ್ನು ಎಂಆರ್‌ಐ ವರದಿಗಳಿರುವ ಕಡತದಲ್ಲೇ ಇಡುವುದು ಲೇಸು. ನಡುರಾತ್ರಿ ತುರ್ತು ಚಿಕಿತ್ಸಾ ಘಟಕಕ್ಕೆ ಓಡುವಾಗ ಮನೆಯವರು ಕೈಗೆತ್ತಿಕೊಳ್ಳುವುದು ಆ ಕಡತವನ್ನೇ.